ಗಂಟಲಿನ ಮೇಲಿನ ರುಚಿ

ಕಾಗವಾಡದಿಂದ ಮಿರಜಿಗೆ ಹೋಗುವ ರಸ್ತೆಯಲ್ಲಿ, ಕರ್ನಾಟಕ ಮುಗಿಯುವುದಕ್ಕೆ ಸ್ವಲ್ಪ ಮೊದಲು, ಒಂದು ಅಂಗಡಿ ಇದೆ. ಬೋರ್ಡಿನ ಮೇಲೆ ಕನ್ನಡದಲ್ಲೊಮ್ಮೆ ಮರಾಠಿಯಲ್ಲೊಮ್ಮೆ ‘ವೈನ್ಸ್’ ಎಂದು ಬರೆದಿದೆ. ಒಳಗೆ ವಿಸ್ಕಿ ಇದೆ, ರಮ್ ಇದೆ, ಬಿಯರ್ ಇದೆ, ಶೇಂಗಾ ಪೊಟ್ಟಣ ಇದೆ. ವೈನ್ ಮಾತ್ರ ಇರಲಿಲ್ಲ. ಈ ಅಂಗಡಿಯ ಕಬ್ಬಿಣದ ಜಾಳಿಗೆಯ ಹಿಂದೆ ಕೂತು ಬಾಟಲಿ ಕೊಡುತ್ತ ಕೊಡುತ್ತಲೇ ಹಾಲಸಿದ್ದನ ಮೀಸೆ ಬೆಳ್ಳಗಾಗಿತ್ತು.

ಗಿರಾಕಿಗಳು ಅವನನ್ನು ಕಾಡದ ದಿನವಿಲ್ಲ. “ಹಾಲಸಿದ್ದಣ್ಣಾ, ನಿನ್ನ ಹೆಸರಿನ್ಯಾಗ ಹಾಲ ಐತಿ, ಅಂಗಡ್ಯಾಗ ಇಲ್ಲ. ಬೋರ್ಡಿನ್ಯಾಗ ವೈನ್ ಐತಿ, ಅದೂ ಅಂಗಡ್ಯಾಗ ಇಲ್ಲ. ಇರೂದಾದ್ರೂ ಏನ?”

“ನಿನ್ನ ಚಿಲ್ಲರ ಐತಿ, ತಗೊಂಡ ಮನಿ ಹಿಡಿ,” ಎಂದು ಹಾಲಸಿದ್ದ ಜಾಳಿಗೆಯ ಕೆಳಗಿಂದ ನಾಣ್ಯ ಸರಿಸುತ್ತಿದ್ದ.

ಅಂಗಡಿಯಲ್ಲಿ ಇಲ್ಲದ ಇನ್ನೊಂದು ಸಂಗತಿಯೂ ಇತ್ತು. ಇಷ್ಟು ವರ್ಷ ದಾರೂ ಮಾರಿದವನು ಒಂದು ಹನಿಯನ್ನೂ ಕುಡಿದಿರಲಿಲ್ಲ. ಕುಡಿಯದವನು ಮಾಲಿನ ಗುಣ ಹೇಗೆ ಹೇಳಬೇಕು? ಅದನ್ನು ಅವನು ಗಿರಾಕಿಗಳ ಬಾಯಿಂದಲೇ ಕಲಿತಿದ್ದ. ಯಾರಾದರೂ ಹೊಸ ಬಾಟಲಿ ತೋರಿಸಿ ಹೆಂಗೈತಿ ಎಂದು ಕೇಳಿದರೆ ಕಣ್ಣು ಸಣ್ಣ ಮಾಡಿ ನೆನಪಿಸಿಕೊಂಡು, “ಉಗಾರದ ಟ್ರಕ್ ಡ್ರೈವರ್ ಒಯ್ದಿದ್ದ. ಮರದಿನ ತಲಿ ಹಿಡಕೊಂಡ ಬಂದಾ. ನಾ ತಗೋ ಅಂತೂ ಅನ್ನಂಗಿಲ್ಲ, ಬ್ಯಾಡ ಅಂತೂ ಅನ್ನಂಗಿಲ್ಲ,” ಎನ್ನುತ್ತಿದ್ದ. ತಿಳಿದಷ್ಟೇ ಹೇಳುತ್ತಾನೆ, ತಿಳಿಯದ್ದನ್ನು ಹೇಳುವುದಿಲ್ಲ ಎಂಬ ಹೆಸರು ಅವನಿಗಿತ್ತು. ಅಂಥ ಹೆಸರು ಅಂಥ ಅಂಗಡಿಯಲ್ಲಿ ಕೂತು ಗಳಿಸುವುದು ಸುಲಭದ ಮಾತಲ್ಲ.

ಅವನು ಕುಡಿಯದಿರಲು ಕಾರಣ ಅತ್ತೆ ದುಂಡವ್ವ. ಮದುವೆಯಾದ ಹೊಸತರಲ್ಲಿ ಅಳಿಯನಿಗೆ ಈ ಕೆಲಸ ಸಿಕ್ಕಿದೆ ಎಂದು ತಿಳಿದ ಕೂಡಲೇ ಅವಳು ಹಿತ್ತಾಳೆಯ ಬಟ್ಟಲ ತುಂಬ ಭಂಡಾರ ತಂದು ಅವನೆದುರು ಇಟ್ಟಿದ್ದಳು. ಕುರುಬರ ಮನೆಯಲ್ಲಿ ಭಂಡಾರ ಎಂದರೆ ಬರೀ ಅರಿಷಿಣ ಪುಡಿಯಲ್ಲ. ಅದರಲ್ಲಿ ಕೈಯಿಟ್ಟು ಆಡಿದ ಮಾತು ಮನೆದೇವರು ಹಾಲಸಿದ್ಧನಾಥನ ಮುಂದೆ ಆಡಿದ ಮಾತು. “ಮಾರು, ನಾ ಬ್ಯಾಡ ಅನ್ನಂಗಿಲ್ಲ. ಆದರ ಅದು ನಿನ್ನ ಗಂಟಲದಾಗ ಇಳೀಬಾರದು. ಕೈ ಇಡು,” ಅಂದಳು. ಅವನು ಇಟ್ಟ. ಅಂದಿನಿಂದ ಅವನ ಗಂಟಲು ಅತ್ತೆಯ ಸುಪರ್ದಿಗೆ ಸೇರಿತು. ಸಂಜೆ ಮನೆಗೆ ಬಂದರೆ ಅವಳು ನೀರಿನ ತಂಬಿಗೆ ಕೊಡುವ ನೆವದಲ್ಲಿ ಹತ್ತಿರ ಬಂದು ಒಂದು ಸಲ ಮೂಗು ಏರಿಸುವುದು ಇವತ್ತಿಗೂ ತಪ್ಪಿಲ್ಲ.

ಆ ಒಣ ಗಂಟಲೇ ಈಗ ಮನೆಯ ದೊಡ್ಡ ಆಸ್ತಿಯಾಗಿತ್ತು. ಮಗಳು ಕೋಮಲಳಿಗೆ ಹಾರೂಗೇರಿಯಿಂದ ಒಂದು ಸಂಬಂಧ ಬಂದಿತ್ತು. ಹುಡುಗನ ಹೆಸರು ಸಮಾಧಾನ. ದನದ ದವಾಖಾನೆಯಲ್ಲಿ ಕೆಲಸ. ಕೋಮಲ ಶಿರಗುಪ್ಪಿಯಲ್ಲಿ, ಮನೆಯ ಹತ್ತಿರದ ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕಬ್ಬಿನ ರಸ ಪರೀಕ್ಷಿಸುವವಳು. ಫೋನಿನಲ್ಲಿ ಮಾತಾಡಿದಾಗ ಹುಡುಗ ಅಡುಗೆ ಬರುತ್ತದೆಯೇ ಎಂದು ಕೇಳದೆ, ಕಬ್ಬಿನ ಹಂಗಾಮು ಮುಗಿದ ಮೇಲೆ ನಿಮ್ಮ ಲ್ಯಾಬಿನಲ್ಲಿ ಏನು ಮಾಡುತ್ತೀರಿ ಎಂದು ಕೇಳಿದ್ದ. ಅಷ್ಟಕ್ಕೇ ಅವಳಿಗೆ ಅವನು ಮನಸ್ಸಿಗೆ ಬಂದಿದ್ದ. ತೊಡಕು ಒಂದೇ. ಹುಡುಗನನ್ನು ಬೆಳೆಸಿದ ಚಿಕ್ಕಪ್ಪ ಮಾಳೇಶ, ತಾನು ಒಂದು ಕಾಲಕ್ಕೆ ಕುಡಿದು ಬಿಟ್ಟವನು, “ಕುಡಿಯೂ ಮನಿ ಹೆಣ್ಣ ತರಂಗಿಲ್ಲ. ದಾರೂ ಮಾರಾವ ಕುಡಿಯಂಗಿಲ್ಲ ಅಂದ್ರ ನಾ ಹೆಂಗ ನಂಬಲಿ? ಬಂದ ನೋಡತೀನಿ,” ಎಂದು ಹೇಳಿ ಕಳಿಸಿದ್ದ. ರವಿವಾರ ಸಂಜೆ ಬರುವುದೆಂದು ಗೊತ್ತಾಯಿತು. ಬಂದು ಒಪ್ಪಿದರೆ ಲಗ್ನ, ಇಲ್ಲವಾದರೆ ಇಲ್ಲ.

ಇಷ್ಟಿರುವಾಗ ಅಂಗಡಿಗೆ ಕುಣಾಲ ಬಂದ.

ನಿಪ್ಪಾಣಿಯ ತಂಬಾಕು ವ್ಯಾಪಾರಿ ಮನೆತನದ ಜೈನರ ಹುಡುಗ, ವೈನ್ ಕಂಪನಿಯೊಂದರ ಮಾರಾಟದ ಕೆಲಸಕ್ಕೆ ಸೇರಿದವನು. ಇಸ್ತ್ರಿ ಮಾಡಿದ ಅಂಗಿ, ಹೆಗಲಿಗೆ ಚೀಲ. ಚೀಲದಿಂದ ಕಡು ಹಸಿರು ಬಾಟಲಿಯೊಂದನ್ನು ತೆಗೆದು ಜಾಳಿಗೆಯ ಮುಂದಿಟ್ಟ. “ಕಾಕಾ, ಪಿನೋ ನ್ವಾರ್. ತಂಪು ಸೀಮೆ ದ್ರಾಕ್ಷಿ ವೈನ್. ಹಿಮಾಚಲದ್ದು. ರೇಟ್ ಸೈತ ಮಂದಿಗೆ ನಿಲುಕೂ ಹಂಗೈತಿ.”

ಹಾಲಸಿದ್ದ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದ. ಬೋರ್ಡು ಹಾಕಿದ ಎಷ್ಟೋ ವರ್ಷದ ಮೇಲೆ ಅಂಗಡಿಗೆ ವೈನ್ ಬಂದಿತ್ತು. ಅವನಿಗೆ ಹುಟ್ಟಿದ ಕೂಸನ್ನು ಎತ್ತಿಕೊಂಡ ಹಾಗಾಯಿತು. ಅಲ್ಲದೆ ಕಾಗವಾಡದಲ್ಲಿ ನಿವೃತ್ತರಾಗಿ ನೆಲೆಸಿದ್ದ ದೇಸಾಯರು ಪ್ರತಿ ದೀಪಾವಳಿಗೆ ಬಂದು, “ಹಾಲಸಿದ್ದಪ್ಪ, ವೈನ್ ಬಂತೇನು?” ಎಂದು ಕೇಳಿ, ಇಲ್ಲವೆಂದಾಗ ಬೋರ್ಡನ್ನೊಮ್ಮೆ ನೋಡಿ ಸುಮ್ಮನೆ ಹೋಗುತ್ತಿದ್ದರು. ಆ ಸುಮ್ಮನೆ ಹೋಗುವುದು ಅವನ ಎದೆಯಲ್ಲಿ ಜಾಲಿ ಮುಳ್ಳಿನ ಹಾಗೆ ನಟ್ಟಿತ್ತು.

“ಹೆಂಗೈತಿ ಇದು?” ಎಂದು ಕೇಳಿದ.

“ಚೆರಿ, ಸ್ಟ್ರಾಬೆರಿ, ಹಸಿ ಮಣ್ಣ. ಟ್ಯಾನಿನ್ನಿನ ಒಗರ ಮೆದು,” ಎಂದು ಕುಣಾಲ ಮಗ್ಗಿ ಒಪ್ಪಿಸಿದ.

“ಚೆರಿ ಅಂದ್ರ ಕೇಕಿನ ಮ್ಯಾಲ ಇರತೈತಲ್ಲ, ಅದಾ?”

ಕುಣಾಲ ಬಾಟಲಿಯ ಚೀಟಿಯನ್ನು ಇನ್ನೊಮ್ಮೆ ತಿರುಗಿಸಿ ನೋಡಿದ. “ಅದು ಕವಳಿ ಹಣ್ಣಿಗೆ ಬಣ್ಣ ಹಾಕಿದ್ದು ಅಂತಾರ ಕಾಕಾ. ಖರೇ ಚೆರಿ ನಾನೂ ತಿಂದಿಲ್ಲ.”

“ವೈನ್?”

“ನಾವು ಜೈನರು ಕಾಕಾ.”

ಮಾರಲು ಬಂದವನು ಕುಡಿದಿಲ್ಲ, ಕೊಳ್ಳಬೇಕಾದವನೂ ಕುಡಿದಿಲ್ಲ. ನಡುವೆ ಒಂದು ಬಾಟಲಿ. ಇಬ್ಬರೂ ಅದನ್ನು ನೋಡುತ್ತ ಕುಳಿತರು. ಬೇರೆ ಮಾಲಾದರೆ ಯಾವನೋ ಕುಡಿದವನ ಸಾಕ್ಷಿ ಇರುತ್ತಿತ್ತು. ಇದಕ್ಕೆ ಈ ಸುತ್ತಿನಲ್ಲಿ ಸಾಕ್ಷಿಯೇ ಇರಲಿಲ್ಲ. ದೇಸಾಯರು ಹೆಂಗೈತಿ ಎಂದರೆ ಏನು ಹೇಳುವುದು? ಗೊತ್ತಿಲ್ಲ ಎಂದು ಹೇಳಿ ಅಷ್ಟು ವರ್ಷ ಕಾದ ಮನುಷ್ಯನಿಗೆ ಬಾಟಲಿ ಕೊಡುವುದೇ?

ಆಗ ಕುಣಾಲ ಒಂದು ಮಾತು ಹೇಳಿದ. “ಕಾಕಾ, ವೈನ್ ರುಚಿ ನೋಡೂ ದೊಡ್ಡ ದೊಡ್ಡ ಮಂದಿ ನುಂಗಂಗಿಲ್ಲ. ಬಾಯಾಗ ಹಾಕ್ಕೊಂಡು, ಆಡಿಸಿ, ಉಗುಳಿ ಬಿಡ್ತಾರ.”

“ಉಗುಳತಾರ?”

“ಹೌದ್ರಿ. ಅದಕ್ಕ ಒಂದ ಬಕೀಟ ಸೈತ ಇಟ್ಟಿರತಾರ.”

ಹಾಲಸಿದ್ದನ ಮುಖ ಅರಳಿತು. ಉಗುಳುವುದರಲ್ಲಿ ಈ ಸೀಮೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಿಪ್ಪಾಣಿ ತಂಬಾಕಿನ ಹೊಟ್ಟು ಅಥಣಿಯ ತನಕ ಹಾರುತ್ತದೆ. ಬಸ್ಸಿನ ಕಿಟಕಿಯಿಂದ, ಗಾಳಿಯ ದಿಕ್ಕು ನೋಡಿ, ಹಿಂದಿನ ಸೀಟಿನವನ ಮೇಲೆ ಬೀಳದ ಹಾಗೆ ಉಗುಳುವ ವಿದ್ಯೆ ಇಲ್ಲಿ ಮಕ್ಕಳಿಗೂ ಬರುತ್ತದೆ. ಈ ಪರೀಕ್ಷೆಯಲ್ಲಿ ಅರ್ಧ ಪಾಸಾದ ಹಾಗೆಯೇ ಆಯಿತಲ್ಲ ಎಂದುಕೊಂಡ. ಕುಣಾಲನಿಗೆ ರವಿವಾರ ಮಧ್ಯಾಹ್ನ ಬಿಟ್ಟರೆ ಬೇರೆ ಹೊತ್ತಿರಲಿಲ್ಲ. ಬೀಗರು ಬರುವುದು ಸಂಜೆಗೆ. ಅಷ್ಟರಲ್ಲಿ ಮುಗಿದು, ಬಾಯಿ ತೊಳೆದು, ಹೊಸ ಅಂಗಿ ತೊಟ್ಟು ಕೂರಬಹುದು. ಸರಿ ಎಂದ.

ರವಿವಾರ ದುಂಡವ್ವ ಬಸ್ ನಿಲ್ದಾಣದ ಹತ್ತಿರದ ಗೆಳತಿ ಜನಾಬಾಯಿಯ ಮನೆಗೆ ಹೋದದ್ದನ್ನು ಖಾತ್ರಿ ಮಾಡಿಕೊಂಡು, ಹಿತ್ತಲಿನ ಬೇವಿನ ಗಿಡದ ಕೆಳಗೆ ಹೊರಸು ಹಾಕಿದರು. ಅದೇ ಗಿಡಕ್ಕೆ ಟಗರು ಸರದಾರನನ್ನು ಕಟ್ಟಿತ್ತು; ಅದರ ಮುಂದೆ ಮುಸುರೆಯ ಕಲ್ಲು ಬಾನಿ. ಅಕ್ಕಿ ತೊಳೆದ ನೀರು, ಉಳಿದ ಮಜ್ಜಿಗೆ, ಪಾತ್ರೆ ತೊಳೆದ ಮೊದಲ ನೀರು, ಏನೇ ಮಿಕ್ಕರೂ ನೆಲಕ್ಕೆ ಚೆಲ್ಲದೆ ಆ ಬಾನಿಗೆ ಸುರಿಯುವುದು ಈ ಮನೆಯ ರೂಢಿ. ಸರದಾರ ಹಾಗೆಯೇ ಬೆಳೆದು ಗುಂಡಕಲ್ಲಿನಂತಾಗಿತ್ತು. ಹೊಸಬರು ಬಂದರೆ ಅದು ಮೊದಲು ಹಣೆಯಿಂದ ನಮಸ್ಕಾರ ಮಾಡುತ್ತಿತ್ತು. ಕುಣಾಲ ಹೊರಸಿನ ಆಚೆ ತುದಿಯಲ್ಲಿ ಕಾಲು ಮೇಲೆತ್ತಿ ಕೂತಿದ್ದು ಅದಕ್ಕೇ.

ಬಾಟಲಿ ಸ್ವಲ್ಪ ತಂಪಿರಬೇಕು ಎಂದು ಕುಣಾಲ ಮೊದಲೇ ಹೇಳಿದ್ದರಿಂದ ಹಾಲಸಿದ್ದನ ಹೆಂಡತಿ ತುಳಸವ್ವ ಮುಂಜಾನೆಯೇ ಅದಕ್ಕೆ ಒದ್ದೆ ಬಟ್ಟೆ ಸುತ್ತಿ ನೀರಿನ ಗಡಿಗೆಯ ಮಗ್ಗುಲಲ್ಲಿ ಇಟ್ಟಿದ್ದಳು. ಕುಣಾಲ ಚೀಲದಿಂದ ಉದ್ದ ಕಾಲಿನ ಗಾಜಿನ ಗ್ಲಾಸು ತೆಗೆದ.

“ಇದೇನ ಹೂವಿನ ಕುಂಡಾನೋ, ಗ್ಲಾಸೋ?” ಎಂದಳು ತುಳಸವ್ವ. “ಏನ್ರಿ, ಇವತ್ತ ಬೀಗರು ಬರೂ ದಿನ. ನಿಮಗ ಬ್ಯಾರೆ ದಿನಾನ ಸಿಗಲಿಲ್ಲ?”

“ನುಂಗೂದ ಇಲ್ಲ ಅವ್ವಾ,” ಎಂದಳು ಕೋಮಲ. “ನಮ್ಮ ಲ್ಯಾಬಿನ್ಯಾಗೂ ರಸ ನೋಡ್ತೀವಿ, ಕುಡಿಯಂಗಿಲ್ಲ. ಇದೂ ಹಂಗ.”

ವೈನು ಗ್ಲಾಸಿಗೆ ಇಳಿಯಿತು. ಹಾಲಸಿದ್ದ ಮಸಿಯಂಥ ಬಣ್ಣ ನಿರೀಕ್ಷಿಸಿದ್ದ. ಇದು ತಿಳಿಯಾಗಿತ್ತು, ಗ್ಲಾಸಿನ ಹಿಂದೆ ಹಿಡಿದ ಬೆರಳು ಕಾಣುತ್ತಿತ್ತು.

“ನೀರ ಬೆರಸ್ಯಾರೇನೋ?”

“ಇಲ್ರಿ ಕಾಕಾ. ಈ ದ್ರಾಕ್ಷಿ ತೊಗಲ ತೆಳ್ಳಗ. ಭಾಳ ನಾಜೂಕ. ಬಿಸಲ ತಡಿಯಂಗಿಲ್ಲ.” ಹೀಗೆ ಶುರು ಮಾಡಿ ಕುಣಾಲ ಆ ವೈನರಿಯ ಕತೆ ಹೇಳಿದ. ಈ ಸಲ ಮಗ್ಗಿಯಂತೆ ಹೇಳಲಿಲ್ಲ. ಕತೆ ಅವನಿಗೂ ಹಿಡಿಸಿತ್ತು. ವೈನರಿಯ ಹೆಸರು ನಾನೀಬಾಗ್. ಹಿಮಾಚಲದ ಒಂದು ಗುಡ್ಡದ ಇಳಿಜಾರಿನಲ್ಲಿ, ಮೆಟ್ಟಿಲಿನ ಹಾಗೆ ಪಾವಟಿಗೆ ಕಡಿದು ಮಾಡಿದ, ಒಬ್ಬ ಅಜ್ಜಿಯ ಸೇಬಿನ ತೋಟ. ಸೇಬಿಗೆ ಚಳಿ ಬೇಕು. ವರ್ಷ ವರ್ಷ ಹಿಮ ಬೀಳುವುದು ಕಡಿಮೆಯಾಗಿ, ಕೆಳಗಿನ ಪಾವಟಿಗೆಗಳಲ್ಲಿ ಗಿಡ ಹೂ ಬಿಡುವುದನ್ನೇ ಮರೆತವು. ಮಕ್ಕಳು ಮಾರಿಬಿಡೋಣ ಎಂದರು. ಅಜ್ಜಿ ಸೇಬಿನ ಸಸಿಗಳನ್ನು ಗುಡ್ಡದ ಮೇಲಕ್ಕೆ ಒಯ್ದು ನೆಟ್ಟಳು. ಖಾಲಿಯಾದ ಕೆಳಗಿನ ಪಾವಟಿಗೆಗೆ, ಸೇಬಿನಷ್ಟು ಚಳಿ ಬೇಡದ, ಆದರೆ ಬಿಸಿಲನ್ನೂ ಸಹಿಸದ ಈ ದ್ರಾಕ್ಷಿ ತಂದಳು. ಮೊದಲ ವರ್ಷದ ವೈನು ಹುಳಿಯಾಗಿ ಉಪ್ಪಿನಕಾಯಿಗೆ ಹೋಯಿತು. ಆಮೇಲೆ ಇದೇ ವಿದ್ಯೆ ಕಲಿತ ಮೊಮ್ಮಗಳು ಜೊತೆಗೂಡಿದಳು. ಹೊಸ ಕಟ್ಟಡ ಕಟ್ಟಲಿಲ್ಲ. ಸೇಬಿನ ಹಳೇ ಶೆಡ್ಡೇ ವೈನರಿ, ಸೇಬಿನ ಶೀತಗೃಹವೇ ದ್ರಾಕ್ಷಿಗೂ ಶೀತಗೃಹ. ಅದಕ್ಕೇ ರೇಟು ಕಡಿಮೆ.

ಹಾಲಸಿದ್ದ ತಲೆದೂಗಿದ. “ಕೆಳಗ ಹುಲ್ಲ ಒಣಗಿದ್ರ ಕುರಿ ಮ್ಯಾಲ ಹೊಡಕೊಂಡ ಹೋಗತೀವಿ. ಅಕಿ ಸೇಬ ಹೊಡಕೊಂಡ ಹೋಗ್ಯಾಳ. ನಮ್ಮ ಪೈಕಿನ ಇರಬೇಕ ಅಜ್ಜಿ.”

“ಈಗ ಮೂಸ್ರಿ ಕಾಕಾ. ಮೊದಲ ಮೂಗ, ಆಮ್ಯಾಲ ಬಾಯಿ.”

ಮೂಸಿದ. ಕಣ್ಣು ಮುಚ್ಚಿ ಮತ್ತೊಮ್ಮೆ ಮೂಸಿದ. ಆಮೇಲೆ ಹಾಲಸಿದ್ಧನಾಥನನ್ನು ನೆನೆದು ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಮುಂಜಾನೆ ಹಲ್ಲುಜ್ಜಿದ ಮೇಲೆ ಮಾಡುವ ಹಾಗೆ ತಲೆ ಹಿಂದಕ್ಕೆ ಚೆಲ್ಲಿ ಗಳಗಳ ಸಪ್ಪಳ ಮಾಡತೊಡಗಿದ.

“ಕಾಕಾ, ಗಳಗಳ ಬ್ಯಾಡ್ರಿ. ಗಂಟಲಕ್ಕ ಹೋದೀತು.”

ಹಾಲಸಿದ್ದ ಗಾಬರಿಯಿಂದ ತಲೆ ಬಗ್ಗಿಸಿ, ಆಚೆಯ ಬೂದಿ ಗುಂಡಿಗೆ ಗುರಿಯಿಟ್ಟು ಉಗುಳಿದ. ಬಾಣದ ಹಾಗೆ ಹೋಗಿ ನಟ್ಟನಡುವೆ ಬಿತ್ತು. ಇಷ್ಟು ದೂರ ಕಂಪನಿಯ ಸಾಹೇಬರೂ ಉಗುಳಲಾರರು ಎಂದು ಕುಣಾಲ ಹೊಗಳಿದ. ಮತ್ತೊಂದು ಗುಟುಕು, ಈ ಸಲ ನಾಲಿಗೆಯ ಮೇಲೆ ಸುಮ್ಮನೆ ನಿಲ್ಲಿಸಿದ, ಕೆನ್ನೆಯಿಂದ ಕೆನ್ನೆಗೆ ಸರಿಸಿದ, ಉಗುಳಿದ. ಮತ್ತೊಂದು. ಹಾಲಸಿದ್ದನ ಹುಬ್ಬು ಮೇಲೇರಿ ಅಲ್ಲೇ ನಿಂತಿತ್ತು.

“ಏನನಸ್ತ ಅಪ್ಪಾ?”

ಅವನು ಬಾಯಿ ತೆರೆದ. ಅಷ್ಟರಲ್ಲಿ ಮುಂದಿನ ಬಾಗಿಲಿನಿಂದ ದುಂಡವ್ವನ ದನಿ ಕೇಳಿತು. “ತುಳಸಾ, ನೀರ ಕೊಡ. ಬೀಗರು ಬಂದಾರ. ಕೊಕಟನೂರ ಯಲ್ಲಮ್ಮಗ ಕಾಯಿ ಒಡದು ಅಲ್ಲಿಂದ ಸೀದಾ ಬಂದಾರ, ಬಸ್ ಲಗೂನ ಸಿಕ್ಕತಂತ. ನಾನ ನಿಲ್ದಾಣದಿಂದ ಕರಕೊಂಡ ಬಂದ್ಯಾ.”

ಹಿತ್ತಲಿನಲ್ಲಿ ಕೋಳಿಗೂಡಿಗೆ ಬೆಕ್ಕು ಹೊಕ್ಕ ಹಾಗಾಯಿತು. ಕುಣಾಲ ಗ್ಲಾಸನ್ನು ಬುಟ್ಟಿಯ ಕೆಳಗೆ ದಬ್ಬಿದ. ಕೋಮಲ ಸೆರಗು ಸರಿಮಾಡಿಕೊಳ್ಳಲು ಒಳಗೆ ಓಡಿದಳು. ತುಳಸವ್ವ ಬಾಟಲಿ ಕೈಗೆತ್ತಿಕೊಂಡು ನೆಲಕ್ಕೆ ಚೆಲ್ಲಬೇಕೆಂದವಳು, ವಾಸನೆ ಬಂದೀತೆಂದು ತಡೆದು, ಕೈಗೆ ರೂಢಿಯಿದ್ದ ಜಾಗಕ್ಕೇ, ಅಂದರೆ ಬಾನಿಗೆ, ಬುಡ ಮೇಲು ಮಾಡಿ ಸುರಿದಳು. ಖಾಲಿ ಬಾಟಲಿ ಕಣಕಿಯ ಬಣವೆಯಲ್ಲಿ ಮಾಯವಾಯಿತು. ಆಮೇಲೆ ಗಂಡನ ಮುಖ ನೋಡಿದಳು. ತುಟಿ, ಹಲ್ಲು ನೇರಳೆ ಹಣ್ಣು ತಿಂದವನಂತೆ ಕಪ್ಪು ಕೆಂಪಾಗಿದ್ದವು. ಒಂದು ಎಲೆ ಅಡಿಕೆಯ ಉಂಡೆ ಅವನ ಬಾಯಿಗೆ ತುರುಕಿದಳು. “ಅಗೀರಿ. ಕೇಳಿದ್ರ ಎಲಿ ಅನ್ನಿರಿ.”

ಹಾಲಸಿದ್ದ ಅಗಿದ. ತಿಳಿದಷ್ಟೇ ಹೇಳುವವನ ಬಾಯಿಗೆ ಆ ಎಲೆ ಅಂದು ಬೇವಿಗಿಂತ ಕಹಿಯಾಗಿತ್ತು.

ಮಾಳೇಶನ ತಲೆಗೆ ಹಳದಿ ಪಟಕಾ, ಹೆಗಲ ಮೇಲೆ ಕರಿ ಕಂಬಳಿ. ಹಿಂದೆ ಸಮಾಧಾನ, ಚಿಕ್ಕಪ್ಪನ ನೆರಳಿನಲ್ಲಿ ನಿಂತು ಚಪ್ಪಲಿ ಎಲ್ಲಿ ಬಿಡುವುದೆಂದು ನೋಡುತ್ತಿದ್ದ. ಕೈಕಾಲು ತೊಳೆದು, ಮಳೆ ಬೆಳೆ ಮಾತಾಡಿ ಅರ್ಧ ತಾಸಾದ ಮೇಲೆ ಚಹ ತರುತ್ತೇವೆಂದರೆ ಮಾಳೇಶ ಕೈಯಾಡಿಸಿದ. “ಚಾ ಆಮ್ಯಾಲ. ಹುಡಿಗಿನೂ ಆಮ್ಯಾಲ. ಮೊದಲ ಕುರಿ ದನಾ ಜೀವಾದಿ ತೋರಸ್ರಿ. ಮನಿ ಹೆಂಗೈತಿ ಅಂತ ಮುಸುರಿ ಬಾನಿ ನೋಡಿದ್ರ ನನಗ ಗೊತ್ತಾಗತೈತಿ.”

ತುಳಸವ್ವ ಹಿಡಿದ ತಟ್ಟೆ ಕೆಳಗಿಟ್ಟು ಗಂಡನ ಮುಖ ನೋಡಿದಳು.

ಹಿತ್ತಲಿಗೆ ಬಂದರು. ಹೊರಸಿನ ಮೇಲೆ ಕುಣಾಲ ಬೊಂಬೆಯ ಹಾಗೆ ಕೂತಿದ್ದ. “ನಿಪ್ಪಾಣಿ ಹುಡುಗ್ರಿ, ಕಂಪನಿ ಕಡಿಂದ ಬಂದಾನ,” ಎಂದ ಹಾಲಸಿದ್ದ, ಎಲೆ ತುಂಬಿದ ಬಾಯಲ್ಲಿ. ಅದು ಸುಳ್ಳಾಗಿರಲಿಲ್ಲ. “ಟಗರಿಂದ ದೂರ ನಿಂದರ್ರಿ. ಹೊಸಾ ಮಂದಿಗೆ ಹಾಯತೈತಿ.”

“ನನಗ ಹಾಯೂ ಟಗರ ಇನ್ನಾ ಹುಟ್ಟಬೇಕು,” ಎಂದು ಮಾಳೇಶ ಮುಂದೆ ನಡೆದ.

ಸರದಾರ ತಲೆಯೆತ್ತಿತು. ಮಾಳೇಶ ಕಾಲು ಅಗಲಿಸಿ ನಿಂತ. ಟಗರು ಒಂದು ಹೆಜ್ಜೆ ಎಡಕ್ಕೆ ಇಟ್ಟಿತು, ಅದನ್ನು ಸರಿಪಡಿಸಲು ಬಲಕ್ಕೆ ಇಟ್ಟಿತು, ಆಮೇಲೆ ಬಹಳ ಪ್ರೀತಿಯಿಂದ ಬಂದು ತನ್ನ ಹಣೆಯನ್ನು ಮಾಳೇಶನ ತೊಡೆಗೆ ಒರಗಿಸಿ ನಿಟ್ಟುಸಿರು ಬಿಟ್ಟಿತು. ಹಾಗೆಯೇ ಮೆಲ್ಲಗೆ ಜಾರಿ, ಅವನ ಎರಡೂ ಪಾದಗಳ ಮೇಲೆ ಕೂತುಬಿಟ್ಟಿತು.

“ಇದಕ್ಕ ಜಡ್ಡಾಗೇತಿ. ಸಮಾಧಾನ, ನೋಡ ಬಾ.”

ಸಮಾಧಾನ ಮಂಡಿಯೂರಿ ಟಗರಿನ ಕಣ್ಣು ಬಿಡಿಸಿದ, ಹೊಟ್ಟೆ ಒತ್ತಿದ, ಬಾಯಿ ತೆರೆದು ಮೂಸಿದ. ಆಮೇಲೆ ಒಂದು ಕ್ಷಣ ಯಾರ ಮುಖವನ್ನೂ ನೋಡದೆ, “ಜಡ್ಡ ಅಲ್ಲ ಕಾಕಾ,” ಅಂದ.

ಮಾಳೇಶ ಬಗ್ಗಿ ಬಾನಿಗೆ ಬೆರಳು ಅದ್ದಿದ, ಮೂಗಿಗೆ ಹಿಡಿದ. ಎಷ್ಟೋ ವರ್ಷದ ಹಿಂದೆ ಬಿಟ್ಟದ್ದಾದರೂ ಮೂಗು ಮರೆತಿರಲಿಲ್ಲ. ಪಾದಗಳನ್ನು ಟಗರಿನ ಕೆಳಗಿಂದ ಒಂದೊಂದಾಗಿ ಬಿಡಿಸಿಕೊಂಡ. “ಟಗರ ಸೈತ ಕುಡಿಯೂ ಮನಿ ಐತಿ ಇದು,” ಎಂದ ಶಾಂತವಾಗಿ. “ನಡಿಯಪ್ಪಾ ಸಮಾಧಾನ.”

ಕೋಮಲ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಹಾಲಸಿದ್ದ ಅವಳ ಮುಖ ನೋಡಿದ. ಆಮೇಲೆ ಬೂದಿ ಗುಂಡಿಯ ಕಡೆ ತಿರುಗಿ ಬಾಯೊಳಗಿನ ಎಲೆಯನ್ನೆಲ್ಲ ಉಗುಳಿ, ಹಲ್ಲು ತೋರಿಸಿದ.

“ನಿಂದರ್ರಿ ಬೀಗರ. ಇದು ಎಲಿ ಬಣ್ಣ ಅಲ್ಲ. ದ್ರಾಕ್ಷಿ ವೈನ್. ಈಗ ತಾಸಿನ ಒಳಗ ಬಾಯಾಗ ಹಾಕ್ಕೊಂಡಿನಿ, ಉಗುಳೀನಿ. ಉಳದದ್ದ ಗಡಿಬಿಡ್ಯಾಗ ಬಾನಿಗೆ ಬಿತ್ತು. ಟಗರಿಂದ ಏನೂ ತಪ್ಪಿಲ್ಲ.” ಅಂಗಡಿಗೆ ವೈನ್ ಬಂದದ್ದು, ಗುಣ ತಿಳಿಯದೆ ಮಾರಲು ಮನಸ್ಸಾಗದ್ದು, ಎಲ್ಲವನ್ನೂ ಒಂದಾದ ಮೇಲೊಂದು ಹೇಳಿದ. ಬಣವೆಯಿಂದ ಬಾಟಲಿಯನ್ನೂ ಬುಟ್ಟಿಯ ಕೆಳಗಿಂದ ಗ್ಲಾಸನ್ನೂ ತಂದು ಹೊರಸಿನ ಮೇಲಿಟ್ಟ.

ದುಂಡವ್ವ ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಹಿತ್ತಾಳೆಯ ಅದೇ ಬಟ್ಟಲಿತ್ತು. “ಅಳಿಯಾ, ಕೈ ಇಡು. ಇಳೀತೋ ಇಲ್ಲೋ?”

ಹಾಲಸಿದ್ದ ಭಂಡಾರದಲ್ಲಿ ಮುಂಗೈ ತನಕ ಕೈ ಇಟ್ಟ. “ಇಳದಿಲ್ಲ ಅತ್ತಿ.”

“ಭಂಡಾರ ದೊಡ್ಡದು, ನಾ ಇಲ್ಲ ಅನ್ನಂಗಿಲ್ಲ,” ಎಂದ ಮಾಳೇಶ. “ಆದರ ಕುಡದ ಬಿಟ್ಟಾವ ನಾನು. ಬಾಯಾಗ ಬಂದದ್ದನ್ನ ಹೊರಗ ಹಾಕಿದೆ ಅಂದ್ರ ನನ್ನ ಮನಸ ಒಪ್ಪಂಗಿಲ್ಲ. ಅಂಥಾ ಮನಶಾನ್ನ ನಾ ಕಂಡಿಲ್ಲ.”

“ಅಲ್ಲಲೇ ಮಾಳೇಶಾ,” ಎಂದಳು ದುಂಡವ್ವ, ಅವನನ್ನು ಚಿಕ್ಕಂದಿನಿಂದ ಬಲ್ಲವಳಂತೆ. “ನನಗೂ ಕೇಳೂದೈತಿ. ಏನೋ ರುಚಿ ನೋಡ್ಯಾನಂತಲ್ಲ, ಹೆಂಗಿತ್ತಂತ ಹೇಳಲಿ. ಸುಮ್ಮನ ಉಗುಳಿ ಬಂದಾನೋ, ಮಜಾ ಮಾಡಿ ಬಂದಾನೋ ಗೊತ್ತಾಗತೈತಿ.”

ಎಲ್ಲರೂ ನಿಂತರು. ಹಾಲಸಿದ್ದ ಹಳದಿ ಕೈಯನ್ನು ಮುಂದೆ ಹಿಡಿದುಕೊಂಡೇ ಯೋಚಿಸಿದ. ಒಂದೊಂದು ಮಾತಿಗೂ ನಡುವೆ ನಿಂತು, ಅದು ಸರಿಯೋ ಅಲ್ಲವೋ ಎಂದು ನಾಲಿಗೆಯನ್ನೇ ಕೇಳುತ್ತಿರುವವನ ಹಾಗೆ ಹೇಳಿದ.

“ಮೊದಲ ವಾಸನಿ. ತಂಬಾಕಿನ ಗೋದಾಮಿನ ಬಾಗಲಾ ತಗದಾಗ ಬರತೈತಲ್ಲ, ಒಣಗಿದ್ದೂ ಅಲ್ಲ, ಹಸೀದೂ ಅಲ್ಲ, ಅಂಥಾದ್ದು. ಅದರ ಹಿಂದಿಂದ ನೇರಳಿ ಹಣ್ಣ. ಬಾಯಾಗ ಹಾಕ್ಕೊಂಡ್ರ ಸಿಹಿ ಅಂತ ಕಾದೆ, ಸಿಹಿ ಬರಲಿಲ್ಲ. ಕವಳಿ ಹಣ್ಣ ಕಡದಂಗ ಆತು, ಹಣ್ಣಾಗಾಕ ಇನ್ನಾ ಎರಡ ದಿನ ಐತಿ ಅನ್ನೂವಂಥಾ ಹಣ್ಣ. ಹುಳಿ ಐತಿ, ಹಲ್ಲ ಜುಮ್ಮ ಅನ್ನೂವಷ್ಟ ಇಲ್ಲ. ದಪ್ಪ ಇಲ್ಲ ಅತ್ತಿ. ಮುಂಜಾನಿ ಕಡದ ತಿಳಿ ಮಜ್ಜಿಗಿ ಹಂಗ ನಾಲಿಗಿ ಮ್ಯಾಲ ಹಗರಕ ಓಡ್ಯಾಡತೈತಿ. ಉಗುಳಿದ ಮ್ಯಾಲೂ ಗಲ್ಲದ ಒಳಗ ಸ್ವಲ್ಪ ಒಗರ ಉಳೀತೈತಿ, ಬಾಳಿಕಾಯಿ ತೊಗಲ ಕಚ್ಚಿದಂಗ. ಮತ್ತ ಕಡೀಕ ಒಂದ ವಾಸನಿ, ಕುರಿ ಮೇಸಿಗೊಂಡ ಬರೂವಾಗ ಮೊದಲ ಹನಿ ಬಿದ್ದ ನೆಲದ್ದು.”

ಕುಣಾಲ ತನಗೆ ತಿಳಿಯದೆಯೇ ಬಾಯಿ ತೆರೆದು ಕೇಳುತ್ತಿದ್ದ.

“ಆಮ್ಯಾಲ?” ಎಂದ ಮಾಳೇಶ. ಅವನ ದನಿ ಬದಲಾಗಿತ್ತು. “ಎದ್ಯಾಗ ಹೆಂಗಾತು? ತಲ್ಯಾಗ?”

ಹಾಲಸಿದ್ದ ಪಾಪದ ಮುಖ ಮಾಡಿ ಅವನನ್ನು ನೋಡಿದ. “ಅದ ನನಗ ಗೊತ್ತಿಲ್ರಿ. ಅಲ್ಲಿತನಕ ಅದು ಹೋಗೇ ಇಲ್ಲ.”

ಮಾಳೇಶ ಹೊರಸಿನ ಮೇಲೆ ಕೂತ. ಕಂಬಳಿ ತೆಗೆದು ಮಡಿಲಲ್ಲಿ ಇಟ್ಟುಕೊಂಡ. “ನಾ ಅಷ್ಟ ವರ್ಷ ಕುಡದೆ,” ಎಂದ. “ಯಾವ ರುಚಿ ಇತ್ತೋ ಅಂತ ಕೇಳಿದ್ರ ಇವತ್ತಿಗೂ ಹೇಳಾಕ ಬರಂಗಿಲ್ಲ. ಗಂಟಲ ಸುಡತಿತ್ತು, ಎದಿ ಬೆಚ್ಚಗ ಆಗತಿತ್ತು, ಆಮ್ಯಾಲ ಗಟಾರ. ಕುಡಿಯೂ ಮಂದಿ ಎಲ್ಲಾರೂ ಗಂಟಲದ ಕೆಳಗಿಂದನ ಹೇಳತಾರ. ಗಂಟಲದ ಮ್ಯಾಲ ಇಷ್ಟೆಲ್ಲಾ ಇರತೈತಿ ಅಂತ ಹೇಳಿದಾವ ನೀನ ಮೊದಲ.” ಖಾಲಿ ಬಾಟಲಿಯನ್ನು ಎತ್ತಿ ನೋಡಿ ಕೆಳಗಿಟ್ಟ. “ಬಾಯಾಗ ಕವಳಿ ಹಣ್ಣಿನ ದಿನಾ ಎಣಿಸಿದಾವ ಕುಡದಾವ ಅಲ್ಲ. ಚಾ ತರ್ರಿ.”

ತುಳಸವ್ವ ಗೋಡೆಗೆ ಒರಗಿ ಒಂದು ಉಸಿರು ಬಿಟ್ಟಳು. ದುಂಡವ್ವ ಮಾತ್ರ ಬಟ್ಟಲನ್ನು ಇನ್ನೂ ಕೆಳಗಿಟ್ಟಿರಲಿಲ್ಲ. “ಅಳಿಯಾ, ಇನ್ನೊಂದ ಮಾತ. ನನಗ ಹೇಳದ ಮಾಡೀದಿ. ಇನ್ನ ಮ್ಯಾಲ ಹೇಳಿ ಮಾಡು. ನಾಲಿಗಿ ನಿನ್ನ ಕೆಲಸಕ್ಕ ಬಿಟ್ಟೀನಿ. ಗಂಟಲ ನಂದು.”

“ಹೂಂ ಅತ್ತಿ,” ಎಂದ ಹಾಲಸಿದ್ದ. ಅವಳು ಅವನ ಹಣೆಗೆ ಭಂಡಾರ ಹಚ್ಚಿದಳು. ಬೆರಳಿಗೆ ಮೆತ್ತಿ ಉಳಿದದ್ದನ್ನು ಕುಣಾಲನಿಗೂ ಹಚ್ಚಿದಳು.

ಇತ್ತ ದೊಡ್ಡವರು ಗಂಟಲಿನ ನ್ಯಾಯ ಮಾಡುತ್ತಿದ್ದಾಗ ಸಮಾಧಾನ ಟಗರನ್ನು ನೆರಳಿಗೆ ಎಳೆದು, ತಲೆ ಎತ್ತರವಾಗಿರಲೆಂದು ಒಂದು ಗೋಣಿಚೀಲ ಹುಡುಕಿ ಮಡಚಿ ಇಟ್ಟಿದ್ದ. ಕೋಮಲ ಬಕೀಟಿನಲ್ಲಿ ನೀರು ತಂದಳು.

“ಎಷ್ಟ ಕುಡದಿರಬೇಕು?” ಎಂದು ಕೇಳಿದ, ಟಗರನ್ನೇ ನೋಡುತ್ತ.

“ಅಪ್ಪಾ ಉಗುಳಿದ್ದ ಬಿಟ್ಟ ಬಾಟ್ಲಿ ಪೂರಾ. ಹನ್ನೆರಡೂವರಿ ಪರ್ಸೆಂಟ್.”

“ಪರ್ಸೆಂಟ್ ಸೈತ ನೋಡೀರಿ.”

“ಅದ ಅಲ್ಲೇನ್ರಿ ನನ್ನ ಕೆಲಸ?”

ಅವನು ನಕ್ಕ. “ಇವತ್ತೊಂದಿನ ಮಲಗತೈತಿ. ನಾಳೆ ತಲಿ ನೋಯತೈತಿ. ಒಂದೆರಡ ದಿನಾ ಯಾರಿಗೂ ಹಾಯಾಕ ಹೋಗಂಗಿಲ್ಲ.” ಟಗರು ನಿದ್ದೆಯಲ್ಲೇ ಅವನ ಕೈ ನೆಕ್ಕಿತು.

ಚಹ ಕುಡಿದ ಮೇಲೆ ಮಾಳೇಶ ಕೋಮಲಳನ್ನು ಕರೆದ. “ಏನವ್ವಾ, ನಮ್ಮದ ಆತು. ನಿನ್ನ ಮಾತ ಏನು?”

ಕೋಮಲ ತಲೆ ಬಗ್ಗಿಸಲಿಲ್ಲ. “ಟಗರ ಎದ್ದ ನಿಲ್ಲೂತನಕ ಅವರು ಇಲ್ಲೇ ಇರ್ಲಿ,” ಎಂದಳು.

ಮಾಳೇಶ ಅದನ್ನು ಸ್ವಲ್ಪ ಹೊತ್ತು ಅಗಿದು ನೋಡಿದ. ಆಮೇಲೆ ದುಂಡವ್ವನ ಕಡೆ ತಿರುಗಿ, “ಸಕ್ರಿ ತರ್ರಿ ಅತ್ಯಾ,” ಎಂದ. ಸಕ್ಕರೆ ಕಾರ್ಖಾನೆಯ ಊರಿನಲ್ಲಿ ಸಕ್ಕರೆಗೆ ಬರವಿರಲಿಲ್ಲ. ಎಲ್ಲರ ಬಾಯಿಗೂ ಒಂದೊಂದು ಚಿಟಿಕೆ ಬಿತ್ತು. ಸಾಖರಪುಡೆಯ, ಅಂದರೆ ನಿಶ್ಚಿತಾರ್ಥದ, ದಿನ ಆಮೇಲೆ ಗೊತ್ತು ಮಾಡುವುದೆಂದಾಯಿತು. ಕುಣಾಲ ಮಾತ್ರ ಮುಗಿಲು ನೋಡಿ ಚಡಪಡಿಸುತ್ತಿದ್ದ. “ಆಯಿ, ಹೊತ್ತ ಮುಳಗಾಕ ಬಂತ್ರಿ. ಮುಳಗಿದ ಮ್ಯಾಲ ನಾ ಉಣ್ಣಂಗಿಲ್ಲ.” ದುಂಡವ್ವ ಅವನೊಬ್ಬನಿಗೆ ಉಳ್ಳಾಗಡ್ಡಿ ಹಾಕದ ಪಲ್ಯ ಮಾಡಿಸಿ, ಎಲ್ಲರಿಗಿಂತ ಮೊದಲು ಎಲೆ ಹಾಕಿಸಿದಳು. ತುತ್ತಿನ ನಡುವೆ ಅವನು, “ಕಾಕಾ, ಆ ಬಾಳಿಕಾಯಿ ತೊಗಲ ಅಂದ್ರಲ್ಲ, ಅದನ್ನ ಇನ್ನೊಂದ ಸಲ ಹೇಳ್ರಿ. ನಾ ಚೆರಿ ಅನ್ನೂದ ಬಿಡ್ತೀನಿ,” ಅಂದ.

ಅಂಗಡಿಯಲ್ಲಿ ಈಗ ರಮ್ಮಿನ ಸಾಲಿನ ಮೇಲೆ ನಾನೀಬಾಗಿನ ಬಾಟಲಿಗಳು ನಿಂತಿವೆ. ದೀಪಾವಳಿಯ ಮುನ್ನಾದಿನ ದೇಸಾಯರು ಬಂದು, ಕೇಳುವ ಮೊದಲೇ ಬೋರ್ಡು ನೋಡತೊಡಗಿದಾಗ ಹಾಲಸಿದ್ದ ಒಂದು ಬಾಟಲಿಯನ್ನು ಎರಡೂ ಕೈಯಿಂದ ಮುಂದಿಟ್ಟ. ಹೆಂಗೈತಿ ಎಂದರು ಅವರು. ಅವನು ತಂಬಾಕಿನ ಗೋದಾಮಿನಿಂದ ಹಿಡಿದು ಮೊದಲ ಹನಿ ಬಿದ್ದ ನೆಲದ ತನಕ ಎಲ್ಲವನ್ನೂ ಹೇಳಿದ. “ಇಷ್ಟು ಗಂಟಲದ ಮ್ಯಾಲಿಂದು. ಕೆಳಗಿಂದು ನೀವ ಬಂದ ಹೇಳ್ರಿ. ನನಗ ಆ ಕಡೆ ಹಾದಿ ಇಲ್ಲ.”

ಹಬ್ಬ ಕಳೆದು ದೇಸಾಯರು ಮತ್ತೆ ಬಂದರು. ಹಾಲಸಿದ್ದ ಜಾಳಿಗೆಗೆ ಮುಖ ಹಚ್ಚಿ ಕಾದ.

“ನೇರಳೆ ಸರಿ. ಕವಳಿ ಸರಿ. ಬಾಳೆಕಾಯಿ ಅಂತೂ ಪಕ್ಕಾ,” ಎಂದರು. “ಗಂಟಲಿನ ಕೆಳಗೆ ವಿಶೇಷ ಏನಿಲ್ಲಪ್ಪ. ಎಲ್ಲರ ಮೇಲೂ ಪ್ರೀತಿ ಬಂತು, ಆಮೇಲೆ ನಿದ್ದೆ ಬಂತು.”

ಹಾಲಸಿದ್ದ ಮೀಸೆಯಲ್ಲಿ ನಕ್ಕ. “ಹಂಗಾದ್ರ ಖರೇ ಐತ್ರಿ,” ಎಂದು ಇನ್ನೊಂದು ಬಾಟಲಿಗೆ ಕೈ ಹಾಕಿದ. “ನಮ್ಮ ಟಗರೂ ಹಿಂಗ ಹೇಳಿತ್ತು.”